ಆರಿದ್ರಾ ಮಳೆಯಲ್ಲಿ ಪರೀಕ್ಷೆಯಾಗದ ಸರಕು

ಹೊಸ ಉಪಕರಣಗಳ ಡಬ್ಬಿಯ ಮೇಲೆ ಏನೇನೋ ಮುದ್ರೆಗಳಿರುತ್ತವೆ. ನೀರು ತಡೆಯುತ್ತದೆ, ಧೂಳು ತಡೆಯುತ್ತದೆ, ಕೈಜಾರಿ ಬಿದ್ದರೂ ಒಡೆಯುವುದಿಲ್ಲ. ಆಲ್ದೂರು ದಾಟಿ ಬಾಳೆಹೊನ್ನೂರಿನ ಕಡೆಗೆ ಹೋಗುವ ದಾರಿಯಲ್ಲಿ, ಗುಡ್ಡದ ಇಳಿಜಾರಿನಲ್ಲಿ ಸಂಸಾರ ಹೂಡಿರುವ ನಾನು ಹುಡುಕುವ ಮುದ್ರೆ ಮಾತ್ರ ಇದುವರೆಗೆ ಯಾವ ಡಬ್ಬಿಯ ಮೇಲೂ ಕಂಡಿಲ್ಲ: ‘ಆರಿದ್ರಾ ಮಳೆಯಲ್ಲಿ ಪರೀಕ್ಷಿಸಲಾಗಿದೆ.’ ನೆಲ ಸಮತಟ್ಟಾಗಿರುತ್ತದೆ, ಕರೆಂಟ್ ಇರುತ್ತದೆ, ಸಿಗ್ನಲ್ ಇರುತ್ತದೆ, ಮನೆಯಲ್ಲಿ ಅತ್ತೆ ಮಾವ ಇರುವುದಿಲ್ಲ ಎಂಬ ನಂಬಿಕೆಯ ಮೇಲೆ ಈ ಸಾಮಾನುಗಳನ್ನೆಲ್ಲ ತಯಾರಿಸುತ್ತಾರೆ ಎಂದು ನನ್ನ ಗುಮಾನಿ. ನಮ್ಮಲ್ಲಿ ನಾಲ್ಕೂ ತಿರುವುಮುರುವು.

ಇವೆಲ್ಲ ನಮ್ಮ ಮನೆ ಸೇರುವುದು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳ ಕೃಪೆಯಿಂದ. ಹಬ್ಬಕ್ಕೆ ಅವಳಿಗೆ ರಜೆ ಸಿಗದಿದ್ದರೆ ಅವಳ ಬದಲು ಡಬ್ಬಿ ಬರುತ್ತದೆ. ರಜೆ ಸಿಕ್ಕರೆ ಡಬ್ಬಿಯನ್ನು ಅವಳೇ ಹೊತ್ತು ತರುತ್ತಾಳೆ.

ಹಾಗೆ ಬಂದದ್ದು ಕಸ ಗುಡಿಸುವ ರೋಬೋ. “ಅಮ್ಮಾ, ನಿನ್ನ ಸೊಂಟನೋವಿಗೆ ಇದೇ ಔಷಧಿ” ಎಂದಳು. ನಮ್ಮದು ಹಳೆಯ ಹೆಂಚಿನ ಮನೆ, ರೆಡ್ ಆಕ್ಸೈಡ್ ನೆಲ. ಪ್ರತಿ ಕೋಣೆಯ ಸುತ್ತಲೂ ಗೇಣಗಲದ ಕಪ್ಪು ಅಂಚು. ಅತ್ತೆ ಈ ಮನೆಗೆ ಮದುವೆಯಾಗಿ ಬಂದ ಮೇಲೆ ತೆಂಗಿನಎಣ್ಣೆ ಹಾಕಿ ಉಜ್ಜಿ ಉಜ್ಜಿ ಕನ್ನಡಿ ಮಾಡಿದ ನೆಲ. ರೋಬೋ ನಡುಮನೆಯಲ್ಲಿ ಹೊರಟಿತು. ಕೆಂಪು ನೆಲದ ಮೇಲೆ ಗಂಭೀರವಾಗಿ ಸಾಗಿ, ಕಪ್ಪು ಅಂಚಿನ ಹತ್ತಿರ ಬಂದದ್ದೇ ಗಕ್ಕನೆ ನಿಂತು, ಮಡಿಯುಟ್ಟ ಅಜ್ಜಿ ಮೈಲಿಗೆ ಕಂಡ ಹಾಗೆ ಹಿಂದೆ ಸರಿಯಿತು. ಇನ್ನೊಂದು ದಿಕ್ಕಿಗೆ ಹೋಯಿತು. ಅಲ್ಲೂ ಅಂಚು. ಮತ್ತೆ ಹಿಂದೆ. ಕೋಣೆಯ ಕಸವೆಲ್ಲ ಸೇರಿಕೊಳ್ಳುವುದೇ ಆ ಗೇಣಗಲದ ಮೂಲೆಮುಡುಕಿನಲ್ಲಿ. ಅದನ್ನು ಬಿಟ್ಟು, ನಾನು ಬೆಳಿಗ್ಗೆಯಷ್ಟೇ ಗುಡಿಸಿ ಒರೆಸಿದ್ದ ನಡುಭಾಗವನ್ನು ಅದು ಮತ್ತೆ ಮತ್ತೆ ಗುಡಿಸಿತು.

ಇದಕ್ಕೆ ಕಾರಣವಿದೆ. ಮೆಟ್ಟಿಲಿಂದ ಉರುಳದಿರಲಿ ಎಂದು ಇಂಥ ರೋಬೋಗಳ ಹೊಟ್ಟೆಯಡಿ ಸಂವೇದಕಗಳಿರುತ್ತವೆ. ಅವು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ನೆಲಕ್ಕೆ ಬಿಡುತ್ತವೆ. ಬೆಳಕು ಪುಟಿದು ಬಂದರೆ ನೆಲವಿದೆ, ಬಾರದಿದ್ದರೆ ಪ್ರಪಾತ. ಕಪ್ಪು ಬಣ್ಣ ಆ ಬೆಳಕನ್ನು ನುಂಗಿಬಿಡುತ್ತದೆ. ಅತ್ತೆ ನಲವತ್ತು ಚಿಲ್ಲರೆ ವರ್ಷ ಉಜ್ಜಿದ ಅಂಚು ಆ ಯಂತ್ರದ ಲೆಕ್ಕದಲ್ಲಿ ಚಾರ್ಮಾಡಿ ಘಾಟಿ. ಅದು ಓಡಾಡುತ್ತಲೇ ಮನೆಯ ನಕ್ಷೆಯನ್ನೂ ಬರೆದು ಮಗಳ ಮೊಬೈಲಿಗೆ ಕಳಿಸಿತ್ತು. ಆ ನಕ್ಷೆಯಲ್ಲಿ ನಮ್ಮ ದೇವರ ಕೋಣೆ, ಅಡುಗೆಮನೆ, ಮಾವನವರು ಮಲಗುವ ಕೋಣೆ ಯಾವುದೂ ಇಲ್ಲ. ಹದ್ದುಬಸ್ತಿಗೆ ಬಂದ ಸರ್ವೆಯವರು ಕೂಡ ನಮಗೆ ಇಷ್ಟು ಜಾಗ ಕಡಿಮೆ ತೋರಿಸಿರಲಿಲ್ಲ.

ಮೈದುನನ ಮಗ ಪಾಲಿಟೆಕ್ನಿಕ್ ಓದುವವನು. “ದೊಡ್ಡಮ್ಮಾ, ಇದಕ್ಕೆ ಉಪಾಯವಿದೆ” ಎಂದು ಸಂವೇದಕಗಳ ಮೇಲೆ ಬಿಳಿ ಕಾಗದ ಕತ್ತರಿಸಿ ಅಂಟಿಸಿದ. ಈಗ ಬೆಳಕು ಯಾವಾಗಲೂ ಕಾಗದಕ್ಕೆ ಬಡಿದು ಪುಟಿಯುತ್ತದೆ, ಯಂತ್ರಕ್ಕೆ ಲೋಕವೆಲ್ಲ ನೆಲ. ಉಪಾಯ ಫಲಿಸಿತು. ರೋಬೋ ಕಪ್ಪು ಅಂಚನ್ನು ದಾಟಿತು, ಮೂಲೆಯ ಜೇಡರಬಲೆಯನ್ನು ಎಳೆಯಿತು, ತೆರೆದಿದ್ದ ಬಾಗಿಲಿನಿಂದ ಜಗಲಿಗೆ ನಡೆಯಿತು, ಜಗಲಿಯ ಅಂಚಿಗೆ ಬಂದು ಅದೇ ಗಾಂಭೀರ್ಯದಿಂದ ಮುಂದುವರಿಯಿತು. ಕೆಳಗೆ ಅಂಗಳದಲ್ಲಿ ಧಡ್ ಎಂದು ಸದ್ದಾಯಿತು. ಕೋಳಿಗಳು ದಿಕ್ಕಾಪಾಲು. ನಾವು ಹೋಗಿ ನೋಡಿದರೆ ಅಂಗಾತ ಬಿದ್ದು, ಚಕ್ರ ತಿರುಗಿಸುತ್ತ, ನಯವಾದ ಹೆಣ್ಣುದನಿಯ ಇಂಗ್ಲಿಷಿನಲ್ಲಿ ತನ್ನನ್ನು ಸಮತಟ್ಟಾದ ಜಾಗದಲ್ಲಿ ಇಡಿ ಎಂದು ಕೇಳಿಕೊಳ್ಳುತ್ತಿತ್ತು.

ಮಾವನವರು ಜಗಲಿಯ ಕುರ್ಚಿಯಿಂದ ಏಳದೆಯೇ ಕೇಳಿದರು, “ಏನಂತೆ ಅದಕ್ಕೆ?”

ಹುಡುಗ ಹೇಳಿದ.

“ಸಮತಟ್ಟು ಬೇಕಿದ್ದರೆ ಕಡೂರಿಗೆ ಹೋಗಬೇಕಿತ್ತು. ಮಲೆನಾಡಿಗೆ ಯಾಕೆ ಬಂತು?”

ಸೊಂಟನೋವು ಹಾಗೇ ಇದೆ. ರೋಬೋ ಅಟ್ಟದಲ್ಲಿದೆ.

ಮಾತು ಕೇಳುವ ಸ್ಪೀಕರ್ ಮತ್ತು ಅದರ ಹಿಂದೆಯೇ ಬಂದ ಸ್ಮಾರ್ಟ್ ಬಲ್ಬುಗಳದು ಬೇರೆ ಕಥೆ. ಆ ಸ್ಪೀಕರಿಗೆ ಇಂಗ್ಲಿಷ್ ಬರುತ್ತದೆ, ಹಿಂದಿ ಬರುತ್ತದೆ. ಕನ್ನಡದಲ್ಲಿ ದೀಪ ಹಚ್ಚು ಎಂದರೆ ಸುಮ್ಮನಿರುತ್ತದೆ. ಅತ್ತೆ ಅದನ್ನು ಎರಡು ದಿನ ನೋಡಿ, “ಕೆಪ್ಪು ಇರಬೇಕು, ಪಾಪ” ಎಂದು ಮೇಲೊಂದು ಕ್ರೋಷಾ ಬಟ್ಟೆ ಹೊದಿಸಿದರು. ಬಲ್ಬುಗಳ ಸಮಸ್ಯೆ ಮಾತಿನದಲ್ಲ, ಕರೆಂಟಿನದು. ಸ್ಮಾರ್ಟ್ ಬಲ್ಬುಗಳಿಗೆ ಕಾರ್ಖಾನೆಯಿಂದಲೇ ಒಂದು ಗುಣ ಬಂದಿರುತ್ತದೆ: ವಿದ್ಯುತ್ ಹೋಗಿ ಮರಳಿತೆಂದರೆ ಪೂರ್ಣ ಪ್ರಕಾಶದಲ್ಲಿ ಹೊತ್ತಿಕೊಳ್ಳುವುದು. ಗೋಡೆಯ ಸ್ವಿಚ್ ಒತ್ತಿದವರು ಕತ್ತಲಲ್ಲಿ ನಿಲ್ಲಬಾರದು ಎಂಬ ಸದುದ್ದೇಶ ಅದರದು. ವರ್ಷಕ್ಕೊಮ್ಮೆ ಕರೆಂಟ್ ಹೋಗುವ ಊರಿಗೆ ಅದು ಸರಿ. ನಮ್ಮಲ್ಲಿ ಜೂನ್ ಬಂತೆಂದರೆ ಸಿಲ್ವರ್ ಓಕ್ ಕೊಂಬೆ ತಂತಿಯ ಮೇಲೆ ಬೀಳುತ್ತದೆ, ಲೈನ್‌ಮನ್ ಮಳೆಯಲ್ಲಿ ನೆನೆಯುತ್ತ ಬಂದು ಸರಿಪಡಿಸುತ್ತಾರೆ, ಅವರು ಬೆನ್ನು ಹಾಕಿದೊಡನೆ ಇನ್ನೊಂದು ಕೊಂಬೆ ಬೀಳುತ್ತದೆ.

ಅಂಥ ಒಂದು ರಾತ್ರಿ ಎರಡರ ಸುಮಾರಿಗೆ ಕರೆಂಟ್ ಬಂತು. ಮನೆಯೊಳಗೆ ಹಾಡಹಗಲಾಯಿತು. ನಮ್ಮ ಮನೆಯವರು ಕಳ್ಳರೆಂದು ಕತ್ತಿ ಹಿಡಿದು ಎದ್ದರು. ಮೊಬೈಲಿನಿಂದ ಆರಿಸೋಣವೆಂದರೆ ವೈಫೈ ಇನ್ನೂ ಕಣ್ಣು ಬಿಟ್ಟಿಲ್ಲ. ಗೋಡೆಯ ಸ್ವಿಚ್ ಒತ್ತಬಾರದು, ಒತ್ತಿದರೆ ಬಲ್ಬಿಗೂ ಮೊಬೈಲಿಗೂ ಸಂಬಂಧ ಕಡಿದುಹೋಗುತ್ತದೆ ಎಂದು ಮಗಳು ಪ್ರತಿ ಸ್ವಿಚ್ಚಿನ ಮೇಲೂ ಪ್ಲಾಸ್ಟರ್ ಅಂಟಿಸಿ ಹೋಗಿದ್ದಳು. ಅದನ್ನು ಉಗುರಿನಿಂದ ಕಿತ್ತು ಆರಿಸುತ್ತ ಹಿತ್ತಲ ಕಡೆಗೆ ಬಂದೆ. ಬಚ್ಚಲ ಒಲೆ ಧಗಧಗ ಉರಿಯುತ್ತಿದೆ, ಹಂಡೆಯ ನೀರು ಮರಳುತ್ತಿದೆ, ಅತ್ತೆ ಸ್ನಾನ ಮುಗಿಸಿ ಹೂ ಕೊಯ್ಯಲು ಬುಟ್ಟಿ ಹಿಡಿದು ಛತ್ರಿ ಹುಡುಕುತ್ತಿದ್ದಾರೆ. “ಮೋಡ ಕವಿದಿದೆ ಕಣಮ್ಮಾ, ಇನ್ನೂ ಬೆಳಕೇ ಹರಿದಿಲ್ಲ ನೋಡು” ಎಂದರು. ಗಡಿಯಾರ ತೋರಿಸಿದೆ. ಕಾಸಿದ ನೀರನ್ನು ದಂಡ ಮಾಡುವುದುಂಟೇ? ಮಾವನವರನ್ನೂ ಎಬ್ಬಿಸಿ ಸ್ನಾನಕ್ಕೆ ಕಳಿಸಿದರು. ಆ ಹೊತ್ತಿನಲ್ಲಿ ಅವರು ಆಡಿದ ಮಾತುಗಳನ್ನು ಸ್ಪೀಕರ್ ಕೇಳಿಸಿಕೊಂಡಿದ್ದರೆ ಕನ್ನಡ ಕಲಿಯುವ ಆಸೆಯನ್ನೇ ಬಿಡುತ್ತಿತ್ತು.

ಕೈಗಡಿಯಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚರ್ಮದ ಮೇಲೆ ಹಸಿರು ಬೆಳಕು ಹಾಯಿಸಿ, ರಕ್ತದ ಏರಿಳಿತಕ್ಕೆ ತಕ್ಕಂತೆ ಮರಳುವ ಬೆಳಕಿನ ವ್ಯತ್ಯಾಸ ಅಳೆದು ನಾಡಿ ಹೇಳುತ್ತದಂತೆ. ನಮ್ಮ ಪಾಲಿಟೆಕ್ನಿಕ್ ಪಂಡಿತ ಅದನ್ನು ಬಾಳೆಹಣ್ಣಿಗೆ ಕಟ್ಟಿ ತೋರಿಸಿದ. ಬಾಳೆಹಣ್ಣಿನ ನಾಡಿ ನನ್ನದಕ್ಕಿಂತ ಚೆನ್ನಾಗಿತ್ತು.

ಹವಾಮಾನದ ಆ್ಯಪಿಗೂ ಮಾವನವರಿಗೂ ನಡೆಯುವುದು ಸಮರ. ಈ ಭಾಗದ ಪ್ಲಾಂಟರುಗಳ ಮನೆಯಲ್ಲಿ ದೇವರ ಪಟದಷ್ಟೇ ಖಾಯಂ ಆಗಿರುವುದು ಮಳೆಮಾಪಕ. ಬೆಳಿಗ್ಗೆ ಎದ್ದು ಅದರ ನೀರನ್ನು ಅಳೆಯುವ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ, ಡೈರಿಯಲ್ಲಿ ಬರೆದ ಮೇಲೇ ಮಾವನವರಿಗೆ ಕಾಫಿ. ಲೆಕ್ಕ ಇಂಚು ಮತ್ತು ಸೆಂಟಿನಲ್ಲಿ, ನೂರು ಸೆಂಟಿಗೆ ಒಂದು ಇಂಚು. ಆ್ಯಪ್ ಮಿಲಿಮೀಟರ್ ಎನ್ನುತ್ತದೆ. ಒಂದು ಇಂಚಿಗೆ 25.4 ಮಿಲಿಮೀಟರ್ ಎಂದು ಹೇಳಿದರೆ, “ಆ 0.4 ಯಾಕೆ ಬೇಕಿತ್ತು?” ಎಂದು ಸಿಡುಕುತ್ತಾರೆ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಕಾಫಿ ಗಿಡಕ್ಕೆ ಹೂ ಅರಳಿಸುವ ಹೂಮಳೆಯ ಕಾಲದಲ್ಲಂತೂ ಫೋನುಗಳಿಗೆ ಬಿಡುವಿಲ್ಲ. “ನಿಮ್ಮಲ್ಲಿ ಎಷ್ಟು ಬಂತು?” “ತೊಂಬತ್ತು ಸೆಂಟ್.” “ನಮ್ಮಲ್ಲಿ ಹನಿ ಇಲ್ಲ ಸ್ವಾಮಿ.” ಎರಡು ತೋಟಗಳ ನಡುವೆ ಇರುವುದು ಒಂದು ಹಳ್ಳ ಅಷ್ಟೇ. ಆ್ಯಪಿನ ಹಿಂದಿರುವ ಜಾಗತಿಕ ಮಾದರಿಗಳಲ್ಲಿ ಹೆಸರಾದ ಯುರೋಪಿನದು ಕೂಡ ಭೂಮಿಯನ್ನು ಸುಮಾರು 9 ಕಿಲೋಮೀಟರಿನ ಚೌಕಗಳಾಗಿ ಹಂಚಿಕೊಂಡು ಲೆಕ್ಕ ಹಾಕುತ್ತದೆ. ಅಂಥ ಒಂದು ಚೌಕದಲ್ಲಿ ನಮ್ಮ ಎಷ್ಟು ಗುಡ್ಡ, ಎಷ್ಟು ಹಳ್ಳ, ಎಷ್ಟು ದಾಯಾದಿಗಳು! ಆ್ಯಪ್ ಮಳೆ ಇಲ್ಲ ಎಂದ ದಿನ ಹೆಂಚು ಹಾರುವ ಮಳೆ ಸುರಿದರೆ ಮಾವನವರ ಮುಖದಲ್ಲಿ ಮೂಡುವ ತೃಪ್ತಿ ಒಳ್ಳೆಯ ಫಸಲು ಬಂದಾಗಲೂ ಮೂಡುವುದಿಲ್ಲ.

ಆನ್‌ಲೈನ್ ಖರೀದಿಯ ಮುಖ್ಯ ಅಂಗವಾದ ಓಟಿಪಿ ನಮ್ಮ ಮನೆಯಲ್ಲಿ ಸಾಮೂಹಿಕ ಕಾರ್ಯಕ್ರಮ. ಮನೆಯೊಳಗೆ ವೈಫೈ ಇದೆ, ಮೊಬೈಲ್ ಸಿಗ್ನಲ್ ಇಲ್ಲ. ಸಿಗ್ನಲ್ ಇರುವುದು ಕಾಫಿ ಕಣದ ಆಚೆ ತುದಿಯ ಹಲಸಿನಮರದ ಬುಡದಲ್ಲಿ. ಒಬ್ಬರು ಒಳಗೆ ಲ್ಯಾಪ್‌ಟಾಪಿನ ಮುಂದೆ ಕೂರಬೇಕು, ಇನ್ನೊಬ್ಬರು ಫೋನ್ ಹಿಡಿದು ಮರದಡಿ ನಿಲ್ಲಬೇಕು. ಸಂದೇಶ ಬಂದ ಕೂಡಲೇ ನಮ್ಮ ಮನೆಯವರು ಕಣದಿಂದ ಕೂಗುತ್ತಾರೆ, “ನಾಲ್ಕು! ಎಂಟು! ಎರಡು!” ನನಗೆ ಕೇಳಿಸುವುದಿಲ್ಲ. ನಡುವೆ ಮೆಣಸು ಬಿಡಿಸುತ್ತ ಕುಳಿತ ಹೆಂಗಸರು ಅದನ್ನು ಎತ್ತಿಕೊಂಡು, “ಅಮ್ಮಾ, ನಾಲ್ಕು ಎಂಟು ಎರಡಂತೆ” ಎಂದು ದಾಟಿಸುತ್ತಾರೆ. ‘ಈ ಸಂಖ್ಯೆಯನ್ನು ಯಾರೊಂದಿಗೂ ಹಂಚಿಕೊಳ್ಳಬೇಡಿ’ ಎಂಬ ಎಚ್ಚರಿಕೆ ಪರದೆಯ ಮೇಲೆ ಇದ್ದೇ ಇರುತ್ತದೆ. ಕೊನೆಯ ಅಂಕಿ ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಹೆಂಗಸರು ಕೆಲಸ ನಿಲ್ಲಿಸಿ ಎರಡನೆಯ ಸುತ್ತಿಗೆ ಸಜ್ಜಾಗುತ್ತಾರೆ.

ಇಷ್ಟಾದ ಮೇಲೆ ಬರುವ ಪಾರ್ಸೆಲ್ ಮನೆಗೆ ಬರುವುದಿಲ್ಲ. ಅಂಚೆ ಇಲಾಖೆ 1972ರಲ್ಲಿ ಆರು ಅಂಕಿಯ ಪಿನ್‌ಕೋಡ್ ತಂದಿತು. 2025ರಲ್ಲಿ ಡಿಜಿಪಿನ್ ಎಂಬ ಹತ್ತು ಅಕ್ಷರದ ಹೊಸ ಗುರುತನ್ನೂ ತಂದಿದೆ. ಅದರಲ್ಲಿ ದೇಶದ ನೆಲವನ್ನೆಲ್ಲ ಸುಮಾರು 4 ಮೀಟರ್ ಉದ್ದಗಲದ ಚೌಕಗಳಾಗಿ ಹಂಚಲಾಗಿದೆ. ಆ ಪ್ರಕಾರ ನಮ್ಮ ಅಡುಗೆಮನೆಗೆ ಒಂದು ವಿಳಾಸ, ಬಚ್ಚಲಿಗೆ ಒಂದು, ಕೊಟ್ಟಿಗೆಯ ಗೌರಿ ಹಸುವಿಗೂ ಒಂದು. ನನಗಂತೂ ಈ ಯೋಜನೆ ತುಂಬಾ ಹಿಡಿಸಿತು. ಪಾರ್ಸೆಲ್ ತರುವ ಹುಡುಗನಿಗೆ ಮಾತ್ರ ಬಸ್ ಸ್ಟಾಪಿನ ಬೇಕರಿ ಒಂದೇ ಗೊತ್ತು. ಅಲ್ಲಿಂದ ಫೋನ್ ಮಾಡುತ್ತಾನೆ, ಸಿಗ್ನಲ್ ಇಲ್ಲದ್ದರಿಂದ ನಮಗೆ ತಲುಪುವುದಿಲ್ಲ. ‘ಗ್ರಾಹಕರು ಸಿಗಲಿಲ್ಲ’ ಎಂದು ಸಂದೇಶ ಬರುತ್ತದೆ, ಹಲಸಿನಮರದಡಿಗೆ. ಸಂಜೆಯ ಬಸ್ಸಿನ ಕಂಡಕ್ಟರ್ ಬೇಕರಿಯಿಂದ ಅದನ್ನು ಎತ್ತಿಕೊಂಡು ನಮ್ಮ ಗೇಟಿನ ಮುಂದೆ ಎರಡು ಸಲ ಶಿಳ್ಳೆ ಊದಿ ಇಳಿಸಿ ಹೋಗುತ್ತಾರೆ. ಅವರಿಗೆ ಆ್ಯಪಿನಲ್ಲಿ ಐದು ನಕ್ಷತ್ರ ಕೊಡೋಣವೆಂದರೆ ಜಾಗವಿಲ್ಲ.

ಒಳ್ಳೆಯದನ್ನು ಒಳ್ಳೆಯದೆನ್ನಬೇಕು. 2017ರಲ್ಲಿ ಗೂಗಲ್ ಕನ್ನಡದಲ್ಲಿ ಮಾತಾಡಿ ಹುಡುಕುವ ಸೌಲಭ್ಯ ಕೊಟ್ಟಿತಲ್ಲ, ಅದು ಅತ್ತೆಯ ಪಾಲಿಗೆ ಹೊಸ ಆಯುಷ್ಯ. ಕನ್ನಡಕ ಹುಡುಕುವ ಗೋಜಿಲ್ಲ, ಅಕ್ಷರ ಒತ್ತುವ ಕಾಟವಿಲ್ಲ. ಅವರು ಫೋನನ್ನು ಬಹುವಚನದಲ್ಲೇ ಮಾತನಾಡಿಸುತ್ತಾರೆ: “ಬಿಡುವಾಗಿದ್ದರೆ ಕಳಲೆ ಪಲ್ಯ ಮಾಡುವುದು ಹೇಗೆಂದು ತೋರಿಸಿ.” ಕಳಲೆ ಪಲ್ಯ ಅವರಿಗೆ ನಿದ್ದೆಯಲ್ಲೂ ಬರುತ್ತದೆ, ಬೇಕಿರುವುದು ಪರೀಕ್ಷೆ. ವಿಡಿಯೋದ ಹುಡುಗಿ ಎಳೆ ಬಿದಿರನ್ನು ಹೆಚ್ಚಿ ನೇರವಾಗಿ ಬಾಣಲೆಗೆ ಹಾಕಿದ್ದು ಕಂಡು ಕೆಂಡವಾದರು. “ನೀರು ಬದಲಿಸುತ್ತ ಮೂರು ದಿನ ನೆನೆಸದೆ ಕಳಲೆ ಮಾಡುತ್ತಾರೆಯೇ? ಹೊಟ್ಟೆಗೆ ವಿಷವಾಗುವುದಿಲ್ಲವೇ? ಇವಳಿಗೆ ತಾಯಿ ಇಲ್ಲವೇ?” ಅವರು ಹೇಳಿದ್ದು ಸರಿಯೇ. ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶವಿರುತ್ತದೆ, ನೆನೆಸಿ ಬೇಯಿಸಿದರೆ ಹೋಗುತ್ತದೆ. ಅಂದಿನಿಂದ ದಿನಕ್ಕೊಬ್ಬಳನ್ನು ಹೀಗೆ ಬೈದು ಅವರ ಮೈಯಲ್ಲಿ ಹೊಸ ಹುರುಪು ಬಂದಿದೆ.

ಮೊನ್ನೆ ಬಂದದ್ದು ಕಾಫಿ ಯಂತ್ರ. ಬಾಬಾಬುಡನ್‌ಗಿರಿ ಸೀಮೆಯಲ್ಲಿ ತಲೆಮಾರುಗಳಿಂದ ಕಾಫಿ ಬೆಳೆಯುವ ಮನೆಗೆ ಕಾಫಿ ಯಂತ್ರ! ಸಣ್ಣ ಅಲ್ಯೂಮಿನಿಯಂ ಬಟ್ಟಲೊಂದನ್ನು ಅದರ ಬಾಯಿಗೆ ಹಾಕಿ ಗುಂಡಿ ಒತ್ತಿದರೆ, ಬಿಸಿನೀರು ಒತ್ತಡದಿಂದ ನುಗ್ಗಿ ಎರಡು ಗುಟುಕು ಕಪ್ಪು ಕಾಫಿ ಇಳಿಯುತ್ತದೆ. ಅತ್ತೆ ಮೂಸಿ ನೋಡಿ ಹಾಲು ಬೆರೆಸಿದರು, ಬೆಲ್ಲ ಬೆರೆಸಿದರು, ಕೊನೆಗೆ ಫಿಲ್ಟರಿನ ಡಿಕಾಕ್ಷನ್ನೂ ಬೆರೆಸಿದರು. ಆಮೇಲೆ ಚೆನ್ನಾಗಿದೆ ಎಂದರು.

ಮಾವನವರು ಕುಡಿಯಲಿಲ್ಲ. ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ, ಕನ್ನಡಕ ಏರಿಸಿ ಓದಿದರು. ಒಂದು ಬಟ್ಟಲಿನಲ್ಲಿ 5 ಗ್ರಾಂ ಕಾಫಿ, ಬೆಲೆ 50 ರೂಪಾಯಿ. ಮಳೆಯ ಡೈರಿಯ ಹಿಂಬದಿ ಪುಟ ತೆರೆದು ಲೆಕ್ಕ ಹಾಕತೊಡಗಿದರು. ಕಿಲೋಗೆ 200 ಬಟ್ಟಲು, ಅಂದರೆ 10,000 ರೂಪಾಯಿ. ತಪ್ಪಿರಬೇಕೆಂದು ಮತ್ತೆ ಗುಣಿಸಿದರು. ಆಮೇಲೆ 50 ಕಿಲೋ ಮೂಟೆಗೆ ಎಷ್ಟಾಗುತ್ತದೆಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದರು. ಅರ್ಧ ಗಂಟೆ ಯಾರೊಂದಿಗೂ ಮಾತಾಡಲಿಲ್ಲ. ನಂತರ ಛತ್ರಿ ಬಿಡಿಸಿಕೊಂಡು, ಇದುವರೆಗೆ ಯಾವ ಓಟಿಪಿಗೂ ಹೋಗದಿದ್ದವರು ತಾವೇ ಹಲಸಿನಮರದಡಿಗೆ ನಡೆದು ಮೊಮ್ಮಗಳಿಗೆ ಫೋನ್ ಹಚ್ಚಿದರು. ಈ ಸಲ ಒಳಗಿದ್ದ ನನಗೆ ಪ್ರತಿ ಅಕ್ಷರವೂ ಕೇಳಿಸಿತು.

“ಪುಟ್ಟಿ, ಈ ರೇಟಿಗೆ ಕೊಳ್ಳುತ್ತಾರಲ್ಲ, ಆ ಜನ ಎಲ್ಲಿರುತ್ತಾರೆ? ಅವರ ನಂಬರ್ ಇದ್ದರೆ ಕೊಡು. ನಮ್ಮ ಗೋದಾಮಿನಲ್ಲಿ ಇನ್ನೂ ಹದಿನೈದು ಮೂಟೆ ಇದೆ.”