ಕಂಪ್ಯೂಟರ್ ಸ್ಲೋ ಅಂತ ಸಿಕ್ಕ ಸಿಕ್ಕ ಸೆಟ್ಟಿಂಗ್ ಮುಟ್ಟಬೇಡಿ

ಯೂಟ್ಯೂಬ್ ನೋಡಿ ವಿಂಡೋಸ್ ಸೆಟ್ಟಿಂಗ್ ಬದಲಾಯಿಸುವವರು ಮುಂಬಯಿ ಹತ್ತಿರದ ನಮ್ಮ ಡೊಂಬಿವಲಿಯಲ್ಲಿ ಜಾಸ್ತಿಯಾಗಿದ್ದಾರೆ. ಆ ಸಲಹೆಗಳಲ್ಲಿ ಎಷ್ಟೋ ತಿರುಗುವ ಹಾರ್ಡ್ ಡಿಸ್ಕ್ ಕಾಲದವು. ಎಸ್‌ಎಸ್‌ಡಿಗೆ (ತಿರುಗುವ ಭಾಗವಿಲ್ಲದ, ಚಿಪ್‌ನ ಡಿಸ್ಕ್) ಡಿಫ್ರಾಗ್ ಮಾಡಿ, ಅಂದರೆ ಚದುರಿದ ಫೈಲ್ ತುಂಡುಗಳನ್ನು ಒಟ್ಟಿಗೆ ಜೋಡಿಸಿ ಅನ್ನೋದು ಅದರಲ್ಲೊಂದು. ಲಾಭವಿಲ್ಲ, ಡಿಸ್ಕ್ ಸುಮ್ನೆ ಸವೆಯುತ್ತದೆ. ಎಸ್‌ಎಸ್‌ಡಿಗೆ ಬೇಕಾದ ಟ್ರಿಮ್ ಕೆಲಸವನ್ನು (ಅಳಿಸಿದ ಫೈಲ್‌ನ ಜಾಗ ಖಾಲಿ ಅಂತ ಡಿಸ್ಕ್‌ಗೆ ತಿಳಿಸೋದು) ವಿಂಡೋಸ್ ತಾನೇ ಮಾಡಿಕೊಳ್ಳುತ್ತದೆ.

ನಿಜಕ್ಕೂ ಉಪಯೋಗಕ್ಕೆ ಬರುವ ಸೆಟ್ಟಿಂಗ್ ಒಂದಿದೆ, ಅದನ್ನು ಯಾರೂ ಹೇಳಲ್ಲ. ಕನ್ನಡ ಸಂಘಗಳಲ್ಲಿ ಎಲ್ಲ ವರ್ಷದ ಕಾರ್ಯಕ್ರಮದ ಫೋಟೋಗಳನ್ನೂ ಒಂದೇ ಫೋಲ್ಡರ್‌ಗೆ ತುಂಬಿಡುತ್ತಾರೆ. ಎಲ್ಲದರ ಹೆಸರೂ ಐಎಂಜಿ ಅಂತಲೇ ಶುರು. ಹೆಸರು ಉದ್ದವಿರುವ ಪ್ರತಿ ಫೈಲಿಗೂ ವಿಂಡೋಸ್ ಡಾಸ್ (ವಿಂಡೋಸ್‌ಗಿಂತ ಹಿಂದಿನ ಸಿಸ್ಟಂ) ಕಾಲದ ಇನ್ನೊಂದು ಗಿಡ್ಡ ಹೆಸರು ಇಡಬಹುದು: ಎಂಟಕ್ಷರ, ಚುಕ್ಕಿ, ಮೂರಕ್ಷರ. ಸಾವಿರಾರು ಹೆಸರು ಒಂದೇ ತರಹ ಶುರುವಾದರೆ, ಖಾಲಿ ಇರುವ ಗಿಡ್ಡ ಹೆಸರು ಹುಡುಕೋದೇ ಅದಕ್ಕೊಂದು ಕೆಲಸ. ಕಾಪಿ ಮಾಡುವಾಗ ತೆವಳುತ್ತದೆ. ಫೋಟೋ ಇರುವ ಡ್ರೈವ್‌ನಲ್ಲಿ ಗಿಡ್ಡ ಹೆಸರಿಡುವ ಈ ಸೆಟ್ಟಿಂಗ್ ಆನ್ ಇದ್ದರೆ ಆಫ್ ಮಾಡಿ. ಸಿ ಡ್ರೈವ್ ಮುಟ್ಟಬೇಡಿ, ಹಳೇ ಸಾಫ್ಟ್‌ವೇರ್‌ಗಳು ಆ ಹೆಸರನ್ನೇ ನಂಬಿಕೊಂಡಿರಬಹುದು. ಇಷ್ಟೆಲ್ಲ ಯಾಕೆ ಅನ್ನಿಸಿದರೆ ವರ್ಷಕ್ಕೊಂದು ಫೋಲ್ಡರ್ ಮಾಡಿ, ಅರ್ಧ ತಲೆನೋವು ಹೋಗುತ್ತದೆ.

ಲಿನಕ್ಸ್ ಬಳಸುವವರಿಗೆ ಒಂದೇ ಮಾತು. ಫೈಲ್ ಓದಿದಾಗಲೆಲ್ಲ ಸಮಯ ಬರೆದಿಡುವ ಅಭ್ಯಾಸವನ್ನು ಕರ್ನಲ್ (ಲಿನಕ್ಸ್‌ನ ತಿರುಳು) ಬರೆಯುವವರು 2009ರಲ್ಲೇ ಕಡಿಮೆ ಮಾಡಿದ್ದಾರೆ. ಅದಕ್ಕಾಗಿ ಒದ್ದಾಡಬೇಡಿ.

ನನಗೆ ಸಿಟ್ಟು ಬರೋದು ವಿಂಡೋಸ್‌ನಲ್ಲಿ ರೈಟ್ ಕ್ಯಾಶ್ ಫ್ಲಶಿಂಗ್ (ಡಿಸ್ಕ್‌ನ ತಾತ್ಕಾಲಿಕ ಮೆಮೊರಿಯಲ್ಲಿ ಇರೋದನ್ನು ಡಿಸ್ಕ್‌ಗೆ ಇಳಿಸೋದು) ಆಫ್ ಮಾಡಿಸುವ ವಿಡಿಯೋಗಳ ಮೇಲೆ. ಹೋಟೆಲ್ ಲೆಕ್ಕ ನೋಡುವ ಶೆಟ್ರು ಕೇಳಿದರು, ‘ಸ್ಪೀಡ್ ಆಗ್ತದಂತಲ್ಲ ಮಾರಾಯ?’ ‘ಆ ಸೆಟ್ಟಿಂಗ್ ಕೆಳಗಿನ ಸಾಲು ಓದಿ ಅಣ್ಣ’ ಅಂದೆ. ಡಿಸ್ಕ್‌ಗೆ ಬೇರೆ ಪವರ್ ಇಲ್ಲದಿದ್ದರೆ ಇದನ್ನು ಆರಿಸಬೇಡಿ ಅಂತ ಅಲ್ಲೇ ಇದೆ. ಮುಂಬಯಿಯಲ್ಲಿ ಕರೆಂಟ್ ಹೋಗಲ್ಲ ಅಂತ ಜಂಬ ಬೇರೆ! 2020ರ ಅಕ್ಟೋಬರ್ 12ರಂದು ಕರೆಂಟ್ ಹೋಗಿ ಲೋಕಲ್ ರೈಲುಗಳೇ ನಿಂತಿದ್ದವು, ಮರೆತುಹೋಯ್ತಾ? ಡಿಸ್ಕ್‌ಗೆ ಇಳಿಯದ ಲೆಕ್ಕ ಅವತ್ತು ಹೋದರೆ ಹೋಯ್ತು.

ಕಂಪ್ಯೂಟರ್ ಸ್ಲೋ ಅನ್ನಿಸಿದರೆ ಮೊದಲು ಟಾಸ್ಕ್ ಮ್ಯಾನೇಜರ್ (ಯಾವುದು ಎಷ್ಟು ಕೆಲಸ ಮಾಡ್ತಿದೆ ಅಂತ ತೋರಿಸುವ ವಿಂಡೋಸ್ ಕಿಟಕಿ) ತೆರೆದು ನೋಡಿ. ಸಿಪಿಯು ಸುಮ್ಮನಿದ್ದು ಡಿಸ್ಕ್ ಮಾತ್ರ ಶೇಕಡಾ 100ರಲ್ಲೇ ನಿಂತಿದೆಯಾ? ಹಾಗಿದ್ದು ಡಿಸ್ಕ್ ತಿರುಗುವ ತರಹದ್ದಾದರೆ ಕಾರಣ ಅದೇ ಇರಬಹುದು: 7200 ಆರ್‌ಪಿಎಂ (ನಿಮಿಷಕ್ಕೆ 7200 ಸುತ್ತು) ಡಿಸ್ಕ್ ಒಂದು ಸುತ್ತು ತಿರುಗಲು 8 ಮಿಲಿಸೆಕೆಂಡ್ ದಾಟುತ್ತದೆ. ಅದಕ್ಕೆ ಯಾವ ಸೆಟ್ಟಿಂಗೂ ಮದ್ದಲ್ಲ. ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಒಂದು ಸಾಟಾ ಎಸ್‌ಎಸ್‌ಡಿ (ಹಳೇ ಡಿಸ್ಕ್‌ನ ಜಾಗದಲ್ಲೇ ಕೂರುವಂಥದ್ದು) ತನ್ನಿ. ಹಳೇ ಡಿಸ್ಕ್ ಸರಿಯಾಗಿದ್ದರೆ ಎಸೆಯಬೇಡಿ, ಯುಎಸ್‌ಬಿ ಕೇಸ್‌ಗೆ ಹಾಕಿ ಬ್ಯಾಕಪ್‌ಗೆ ಇಟ್ಟುಕೊಳ್ಳಿ.