"ಏರೇ ಇಲ್ಲದ ದಾರಿ" ಅಂದವರಿಗೆ

ನಿನ್ನೆ ಹಾಕಿದ ನಮ್ಮ ಸೈಕಲ್ ಟೂರಿನ ಫೋಟೋಗಳ ಕೆಳಗಿನ ಕಾಮೆಂಟುಗಳನ್ನು ಈಗ ತಾನೇ ಕೂತು ಓದಿದೆ. ಮೂರು ಜನ ಬೇರೆ ಬೇರೆ ಮಾತಿನಲ್ಲಿ ಒಂದೇ ವಿಷಯ ಹೇಳಿದ್ದಾರೆ. ಏರೇ ಇಲ್ಲ, ಗಾಡಿಗಳೇ ಇಲ್ಲ, ಇದು ಮಕ್ಕಳ ದಾರಿ. ಒಬ್ಬರು "ಇದನ್ನೂ ಟೂರ್ ಅಂತೀರಾ?" ಎಂದು ಕೇಳಿದ್ದಾರೆ. ಮೂವರೂ ನನಗೆ ಬೇಕಾದವರೇ, ನನ್ನ ಜೊತೆ ಸೈಕಲ್ ತುಳಿದವರೇ. ಅದಕ್ಕೇ ಸಿಟ್ಟು ಜಾಸ್ತಿ ಬಂತು. ಒಂದು ಸಾಲಿನ ಉತ್ತರ ಬರೆದೆ, ಅಳಿಸಿದೆ. ಒಂದು ಸಾಲಿನಲ್ಲಿ ಮುಗಿಯುವ ಮಾತಲ್ಲ ಇದು.

ಹೌದು, ಇದು ಟೂರೇ. ಜರ್ಮನಿಯ ಆಖೆನ್‌ನಲ್ಲಿ ಶುರುವಾಗಿ, ಬೆಲ್ಜಿಯಂ ಹಾದು, ಲಕ್ಸೆಂಬರ್ಗಿನ ಟ್ರೋವಿಯೆರ್ಜ್ ತನಕ ಸುಮಾರು 125 ಕಿಲೋಮೀಟರ್. ಫೆನ್‌ಬಾನ್ ಅಂತ ಹೆಸರು. ಹಿಂದೆ ರೈಲು ಓಡುತ್ತಿದ್ದ ದಾರಿ. ಈಗ ಹೆಚ್ಚಿನ ಕಡೆ ಹಳಿ ಹೋಗಿ ಡಾಂಬರು ಬಂದಿದೆ. ಕಾರಿಗೆ, ಬೈಕಿಗೆ ಪ್ರವೇಶ ಇಲ್ಲ. ನಾನೂ ಅಕ್ಕನೂ ನಾಲ್ಕು ದಿನ ತೆಗೆದುಕೊಂಡೆವು. ಬಟ್ಟೆ, ಮಳೆ ಕೋಟು, ರಿಪೇರಿ ಸಾಮಾನು ಎಲ್ಲ ಕ್ಯಾರಿಯರ್ ಮೇಲೆ. ಒಂದು ಕಾರಿನ ಸಹಾಯವೂ ಇಲ್ಲದೆ ಮೂರು ದೇಶ ದಾಟಿದ್ದೇವೆ.

ಏರೇ ಇಲ್ಲ ಅನ್ನುವುದಂತೂ ತಪ್ಪು. ಮೊದಲ 30 ಕಿಲೋಮೀಟರ್ ಹೆಚ್ಚುಕಮ್ಮಿ ಪೂರ್ತಿ ಏರೇ. ಆಖೆನ್ ಇರುವುದು 200 ಮೀಟರ್ ಎತ್ತರದ ಆಸುಪಾಸಿನಲ್ಲಿ. ಹೋಹೆಸ್ ಫೆನ್ ಎಂಬ ಜೌಗು ಕಾಡಿನ ಅಂಚಿಗೆ ಬರುವಷ್ಟರಲ್ಲಿ 500 ಮೀಟರ್ ದಾಟಿರುತ್ತೀರಿ. ಆದರೆ ಅದು ತೊಡೆಗೆ ಗೊತ್ತಾಗುವುದಿಲ್ಲ. ಯಾಕೆಂದರೆ ಅದು ರೈಲಿನ ಏರು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಹಿಡಿತ ಕಮ್ಮಿ. ಕಡಿದಾದ ಕಡೆ ಅದು ಜಾರುತ್ತದೆ. ಹಾಗಾಗಿ ರೈಲು ದಾರಿ ಹಾಕುವವರು ಗುಡ್ಡ ಕಡಿದರು, ತಗ್ಗು ತುಂಬಿಸಿದರು, ಆಗದ ಕಡೆ ಸುತ್ತು ಹೊಡೆದರು. ಕೊನೆಗೆ ಉಳಿದದ್ದು ನೂರು ಮೀಟರಿಗೆ ಎರಡು ಮೀಟರ್ ಏರು, ಬಹಳ ಕಡೆ ಅದಕ್ಕಿಂತ ಕಮ್ಮಿ. ಪಕ್ಕದ ಕಣಿವೆಯಿಂದ ಹತ್ತಿ ಬರುವ ಡಾಂಬರು ರಸ್ತೆಗಳನ್ನು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಅವು ಗುಡ್ಡಕ್ಕೆ ಏಣಿ ಹಾಕಿದ ಹಾಗೆ ನಿಂತಿವೆ.

1880ರ ದಶಕದಲ್ಲಿ ಆಗಿನ ಜರ್ಮನಿಯ ಪ್ರಷ್ಯಾ ರಾಜ್ಯ ಇದನ್ನು ಕಟ್ಟಿಸಿತು. ಆಖೆನ್ ಕಡೆಯ ಕಲ್ಲಿದ್ದಲು ಲಕ್ಸೆಂಬರ್ಗಿನ ಕಬ್ಬಿಣದ ಕುಲುಮೆಗಳಿಗೆ ಹೋಗಬೇಕಿತ್ತು, ಅಲ್ಲಿಂದ ಅದಿರು ಈ ಕಡೆ ಬರಬೇಕಿತ್ತು. ಕಲ್ಲಿದ್ದಲಿಗೆಂದು ಮಾಡಿದ ಆ ಏರು ಇವತ್ತು 61 ವರ್ಷದ ನನ್ನ ಅಕ್ಕನ ಮೊಣಕಾಲಿಗೆ ಸರಿಯಾಗಿ ಒಗ್ಗಿತು. ಆ ಏರಿನಲ್ಲಿ ಅವಳು ಒಂದು ಸಲವೂ ಇಳಿದು ತಳ್ಳಲಿಲ್ಲ. ಇದರಲ್ಲಿ ನಾಚಿಕೆ ಪಡುವುದು ಏನಿದೆ?

ಅಕ್ಕನ ಕಥೆ ನಿಮಗೆ ಗೊತ್ತು. ಆರು ವರ್ಷದ ಹಿಂದೆ ಹಿಂದಿನಿಂದ ಬಂದ ಟ್ರಕ್ಕು ಅವಳನ್ನು ರಸ್ತೆ ಪಕ್ಕದ ಮೋರಿಗೆ ಇಳಿಸಿತು. ತಾಗಲೂ ಇಲ್ಲ, ಸುಮ್ನೆ ಪಕ್ಕದಲ್ಲಿ ಹಾದು ಹೋಯಿತು. ಭುಜದ ಮೂಳೆ ಮುರಿಯಿತು. ಮೂಳೆ ಕೂಡಿತು, ಆದರೆ ಅವಳು ಮತ್ತೆ ಸೈಕಲ್ ಹತ್ತಲಿಲ್ಲ. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದನ್ನು ಇವತ್ತು ಹೇಳುತ್ತೇನೆ. ಆವತ್ತು ಆಸ್ಪತ್ರೆಯಲ್ಲಿ ನಾನು ಅವಳಿಗೆ, "ನೀನು ಗಾಬರಿಯಾಗಿ ಹ್ಯಾಂಡಲ್ ತಿರುಗಿಸಿದೆ, ಗಟ್ಟಿಯಾಗಿ ಹಿಡಿದಿದ್ದರೆ ಏನೂ ಆಗ್ತಿರಲಿಲ್ಲ" ಅಂದಿದ್ದೆ. ನಾನಾಗ ದಿನಕ್ಕೆ ನೂರು ಕಿಲೋಮೀಟರ್ ತುಳಿಯುತ್ತಿದ್ದೆ. ಹೆದರುವವರು ಕಲಿತಿಲ್ಲದವರು ಅಂತ ನಿಜವಾಗಿ ನಂಬಿದ್ದೆ. "ಮಕ್ಕಳ ದಾರಿ" ಅನ್ನುವ ಮಾತನ್ನು ಆಗ ನಾನೂ ಆಡಿದ್ದೆ. ಅವಳು ಏನೂ ಅನ್ನದೆ ಗೋಡೆ ಕಡೆ ಮುಖ ಮಾಡಿದಳು. ಆ ಮುಖ ನನಗೆ ಇನ್ನೂ ಮರೆತಿಲ್ಲ.

ಈ ಸಲ ಮೊದಲ ದಿನ ರ‍್ಯೋಟ್‌ಗೆನ್ ಊರು ದಾಟುವ ತನಕ ಅವಳ ಭುಜ ಕಿವಿಯ ಹತ್ತಿರವೇ ಇತ್ತು. ನಾನು ಹಿಂದೆ ಇದ್ದೆ, ನೋಡುತ್ತಿದ್ದೆ. ಎರಡು ನಿಮಿಷಕ್ಕೊಮ್ಮೆ ತಲೆ ಎಡಕ್ಕೆ ತಿರುಗುತ್ತಿತ್ತು. ಹಿಂದೆ ಏನು ಬರುತ್ತಿದೆ ಅಂತ. ನನ್ನನ್ನು ಬಿಟ್ಟರೆ ಏನೂ ಬರುತ್ತಿರಲಿಲ್ಲ. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಆ ತಿರುಗುವುದು ನಿಂತಿತು. ಭುಜ ಕೆಳಗಿಳಿಯಿತು. ಒಂದು ಕಡೆ ಪೆಡಲ್ ನಿಲ್ಲಿಸಿ, "ಏನೇ ಅದು, ಕೇಳಿಸ್ತಾ?" ಅಂದಳು. ಮರಕುಟಿಗ. ದೂರದಲ್ಲಿ ಎಲ್ಲೋ ಕುಟ್ಟುತ್ತಿತ್ತು. ನನಗೆ ಕೇಳಿಸಿರಲಿಲ್ಲ, ಅವಳಿಗೆ ಕೇಳಿಸಿತ್ತು.

ನಾನು ಹೇಳಬೇಕು ಅಂತಿರುವುದು ಈ ಕಿವಿಯ ವಿಷಯವೇ. ರಸ್ತೆಯಲ್ಲಿ ತುಳಿಯುವಾಗ ಕಣ್ಣು ಮುಂದೆ, ಕಿವಿ ಹಿಂದೆ. ಇದು ಟ್ರಕ್ಕಾ, ಕಾರಾ, ಎಷ್ಟು ದೂರ ಇದೆ, ನಿಧಾನ ಮಾಡಿತಾ ಇಲ್ವಾ ಎಂದು ದಿನವಿಡೀ ಲೆಕ್ಕ ನಡೆಯುತ್ತಿರುತ್ತದೆ. ನಮಗೆ ಅಭ್ಯಾಸವಾಗಿ ಅದು ಕೆಲಸ ಅಂತಲೇ ಅನ್ನಿಸುವುದಿಲ್ಲ. ಸಂಜೆ ಬರುವ ಸುಸ್ತಿಗೆ ಕಾಲನ್ನು ದೂರುತ್ತೇವೆ. ಮೂರನೇ ದಿನ ನನ್ನ ಸೈಕಲ್ಲಿನ ಎಡ ಪೆಡಲ್ ಪ್ರತಿ ಸುತ್ತಿಗೂ 'ಟಿಕ್' ಅನ್ನುವುದು ನನಗೆ ಮೊದಲ ಸಲ ಕೇಳಿಸಿತು. ಎಷ್ಟು ತಿಂಗಳಿಂದ ಹಾಗೆ ಅನ್ನುತ್ತಿತ್ತೋ. ಪಕ್ಕಕ್ಕೆ ನಿಲ್ಲಿಸಿ ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿ ಮತ್ತೆ ಬಿಗಿದೆ. ಸದ್ದು ನಿಂತಿತು. ಸ್ವಂತ ಸೈಕಲ್ಲಿನ ಸದ್ದನ್ನೇ ನಾನು ಕೇಳಿಸಿಕೊಂಡಿರಲಿಲ್ಲ.

ಇನ್ನು "ಮಕ್ಕಳ ದಾರಿ". ಮೊನ್ನೆ ಒಂದು ಹುಡುಗಿ ನಮ್ಮನ್ನು ದಾಟಿ ಹೋದಳು. ಏಳು ವರ್ಷ ಇರಬಹುದು. ಪುಟ್ಟ ಸೈಕಲ್, ಕ್ಯಾರಿಯರಿಗೆ ಹಗ್ಗದಲ್ಲಿ ಬಿಗಿದ ಹಳದಿ ಮಳೆ ಕೋಟು. ಅಪ್ಪ ಅಮ್ಮ ಇನ್ನೂರು ಮೀಟರ್ ಮುಂದಿದ್ದರು. ಅವರು ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ. ಅದನ್ನು ನೋಡಿ ನನ್ನ ಗಂಟಲು ಕಟ್ಟಿತು. ಬಿಟ್ಟ ಮಗುವಲ್ಲ ಅದು, ನಂಬಿ ಬಿಟ್ಟ ಮಗು. ಮುಂದೆ ಹಳ್ಳಿ ರಸ್ತೆ ಅಡ್ಡ ಬರುವ ಕಡೆ ಇಬ್ಬರೂ ಇಳಿದು ಅವಳಿಗಾಗಿ ಕಾದರು. ಮೂವರೂ ಒಟ್ಟಿಗೆ ದಾಟಿದರು. ಆಮೇಲೆ ಅವಳು ಮತ್ತೆ ತನ್ನ ಪಾಡಿಗೆ. ಮಗು ಹೀಗೆ ಒಂದು ಇಡೀ ದಿನ ತನ್ನ ಕಾಲ ಮೇಲೆ ದೇಶ ಸುತ್ತಬಹುದು ಅನ್ನುವುದು ದಾರಿಯ ದೊಡ್ಡತನ. ಅದನ್ನು ಬೈಗುಳದ ಹಾಗೆ ಬಳಸುವುದು ಹೇಗೆ ಬರುತ್ತದೆ ನಿಮಗೆ?

ಇದು ಬೋರು, ಸುರಂಗದೊಳಗೆ ಹೋದ ಹಾಗೆ ಹಸಿರು ಬಿಟ್ಟರೆ ಏನೂ ಕಾಣುವುದಿಲ್ಲ ಎಂದೂ ಒಬ್ಬರು ಬರೆದಿದ್ದಾರೆ. ನೋಡಿದರೆ ಕಾಣುತ್ತದೆ ಸ್ವಾಮಿ. ಒಂದನೇ ಮಹಾಯುದ್ಧ ಮುಗಿದ ಮೇಲೆ ವರ್ಸೇಲ್ಸ್ ಒಪ್ಪಂದದ ಫಲವಾಗಿ ಈ ರೈಲು ದಾರಿಯ ನೆಲ ಬೆಲ್ಜಿಯಂ ಪಾಲಾಯಿತು. ಇವತ್ತಿಗೂ ಅದು ಹಾಗೇ ಇದೆ. ಹಾಗಾಗಿ ಎಷ್ಟೋ ಕಡೆ ಎಡಗಡೆಯ ಮನೆ ಜರ್ಮನಿ, ಬಲಗಡೆಯ ಮನೆ ಜರ್ಮನಿ, ನಿಮ್ಮ ಚಕ್ರದ ಕೆಳಗಿನ ಪಟ್ಟಿ ಮಾತ್ರ ಬೆಲ್ಜಿಯಂ. ಹೀಗೆ ಬೇರೆಯಾಗಿ ಉಳಿದ ಜರ್ಮನಿಯ ತುಂಡುಗಳು ಐದು ಇವೆ. ರ‍್ಯೋಟ್‌ಗೆನ್ ಹತ್ತಿರದ ಕಾಡಿನಲ್ಲಿ ಟ್ಯಾಂಕುಗಳನ್ನು ತಡೆಯಲು ನೆಟ್ಟ ಕಾಂಕ್ರೀಟ್ ಗೂಟಗಳ ಸಾಲು ಪಾಚಿ ಹಿಡಿದು ನಿಂತಿದೆ. ಅಕ್ಕ ಒಂದರ ಮೇಲೆ ಕೈ ಇಟ್ಟು ಸುಮಾರು ಹೊತ್ತು ನಿಂತಳು. ಮುಂದೆ ಸಿಕ್ಕ ಸಾಂಕ್ಟ್ ಫೀಟ್ ಊರು 1944ರ ಡಿಸೆಂಬರಿನ ಬಾಂಬಿಗೆ ಹೆಚ್ಚುಕಮ್ಮಿ ಪೂರ್ತಿ ನೆಲಸಮವಾಗಿತ್ತು. ಹಾರ್ನ್ ಹಿಂದೆ ಇದ್ದಿದ್ದರೆ ಇವು ಯಾವುವೂ ನಮಗೆ ಕಾಣುತ್ತಿರಲಿಲ್ಲ.

ಒಂದು ಮಾತು ಮಾತ್ರ ಯೋಚಿಸುವಂಥದ್ದು. ಸೈಕಲ್ಲಿಗೆ ಬೇರೆ ದಾರಿ ಕೊಟ್ಟರೆ, "ನಿಮ್ಮ ದಾರಿ ಅಲ್ಲಿದೆ, ಇಲ್ಲಿ ಯಾಕೆ ಬಂದಿರಿ" ಎಂದು ನಮ್ಮನ್ನು ರಸ್ತೆಯಿಂದಲೇ ಓಡಿಸುತ್ತಾರೆ ಎನ್ನುವ ವಾದ. ಈ ಭಯ ಸುಳ್ಳಲ್ಲ. ರಸ್ತೆಯ ಹಕ್ಕನ್ನು ನಾನೂ ಬಿಟ್ಟುಕೊಡುವುದಿಲ್ಲ. ಆದರೆ ಆ ಹಕ್ಕು ಯಾರಿಗೆ ದಕ್ಕುತ್ತದೆ? ಟ್ರಕ್ಕಿನ ಪಕ್ಕ ಹ್ಯಾಂಡಲ್ ಅಲುಗಾಡದೆ ಹಿಡಿಯಬಲ್ಲ ನನಗೆ, ನಿಮಗೆ. ಅಕ್ಕನಿಗೆ ಅಲ್ಲ. ಹಳದಿ ಕೋಟಿನ ಹುಡುಗಿಗೆ ಅಲ್ಲ. ಅವರು ರಸ್ತೆಗೆ ಬರುವುದೇ ಇಲ್ಲ, ಹಾಗಾಗಿ ಅವರು ಬರಲಿಲ್ಲ ಅನ್ನುವುದೂ ನಮ್ಮ ಲೆಕ್ಕಕ್ಕೆ ಸಿಗುವುದಿಲ್ಲ. ನಮ್ಮ ಹಕ್ಕಿನ ಹೆಸರಲ್ಲಿ ಅವರು ಮನೆಯಲ್ಲೇ ಇರಬೇಕು ಅಂದರೆ ಆ ಮಾತು ನನಗೆ ಬೇಡ.

ಬೆಲ್ಜಿಯಂನ ಈ ಭಾಗದಲ್ಲಿ ಹಳೇ ರೈಲು ದಾರಿ, ಕಾಲುವೆ ದಂಡೆಗಳನ್ನು 1990ರ ದಶಕದಿಂದಲೇ ಹೀಗೆ ಜೋಡಿಸುತ್ತಾ ಬಂದಿದ್ದಾರೆ. ರಾವೆಲ್ ಅಂತ ಹೆಸರು. ದಾರಿಗಳು ಕೂಡುವ ಕಡೆ ಒಂದೊಂದು ನಂಬರಿನ ಹಲಗೆ. ಆ ನಂಬರ್ ಉಪಾಯ ಮೊದಲು ಜಾರಿಗೆ ಬಂದದ್ದು 1995ರಲ್ಲಿ, ಅದೇ ದೇಶದ ಲಿಂಬುರ್ಗ್ ಪ್ರಾಂತ್ಯದಲ್ಲಿ. ಹ್ಯೂಗೋ ಬೋಲೆನ್ ಎಂಬ ಗಣಿ ಎಂಜಿನಿಯರ್‌ಗೆ ಹೊಳೆದದ್ದಂತೆ. ಬೆಳಿಗ್ಗೆ ನಾಲ್ಕು ನಂಬರ್ ಚೀಟಿಯಲ್ಲಿ ಬರೆದುಕೊಂಡರೆ ಫೋನು ಜೇಬಿನಿಂದ ತೆಗೆಯಬೇಕಾಗಿಲ್ಲ. ಅಕ್ಕ ಚೀಟಿಯನ್ನು ಬ್ರೇಕ್ ಕೇಬಲ್ಲಿಗೆ ಸಿಕ್ಕಿಸಿಕೊಂಡಿದ್ದಳು. ನಾಲ್ಕೂ ದಿನ ದಾರಿ ತೋರಿಸಿದ್ದು ಅವಳೇ.

ಇವತ್ತು ಲಕ್ಸೆಂಬರ್ಗ್ ಗಡಿ ಹತ್ತಿರ ಬಂದಾಗ ಹಳೇ ದಾರಿ ಒಂದು ಸುರಂಗದ ಬಾಯಿಗೆ ಬಂದು ನಿಂತಿತು. ಸುಮಾರು 790 ಮೀಟರ್ ಉದ್ದದ ಸುರಂಗ. ಒಳಗೆ ಬಾವಲಿಗಳಿವೆ, ಅವುಗಳಿಗಾಗಿ ಮುಚ್ಚಿದ್ದಾರೆ. ಅದು ಸರಿಯೇ. ಸೈಕಲ್ಲಿನವರು ಗುಡ್ಡದ ಮೇಲಿಂದ ಹತ್ತಿ ಇಳಿಯಬೇಕು. ನೀವು ಕೇಳಿದ ಏರು ಅಲ್ಲಿದೆ ನೋಡಿ. ಅಲ್ಲಿ ಕಾರುಗಳೂ ಇವೆ, ಕಮ್ಮಿಯೇ, ಆದರೂ ಇವೆ. ಮೊದಲನೇ ಕಾರಿನ ಸದ್ದು ತಿರುವಿನ ಆಚೆ ಇರುವಾಗಲೇ ಅಕ್ಕ ಇಳಿದು ಸೈಕಲ್ಲನ್ನು ಹುಲ್ಲಿಗೆ ಎಳೆದುಕೊಂಡು ನಿಂತಳು. ಭುಜ ಮತ್ತೆ ಕಿವಿಯ ಹತ್ತಿರ. ಕಾರಿನವರು ನಿಧಾನವಾಗಿ, ದೂರ ಬಿಟ್ಟೇ ಹೋದರು. ಅವರ ತಪ್ಪೇನಿಲ್ಲ. ನಾನು ಈ ಸಲ ಗಟ್ಟಿಯಾಗಿ ಹಿಡಿ ಅನ್ನಲಿಲ್ಲ. ನಾನೂ ಇಳಿದೆ. ಇಬ್ಬರೂ ತಳ್ಳಿಕೊಂಡು ಗುಡ್ಡ ಹತ್ತಿದೆವು.

ಟ್ರೋವಿಯೆರ್ಜ್ ತಲುಪಿದ ಮೇಲೆ ಇಲ್ಲಿಂದ ರೈಲು ಹಿಡಿದು ವಾಪಸ್ ಹೋಗುವುದು ಅಂತ ಮಾತಾಗಿತ್ತು. ಊಟ ಮಾಡುವಾಗ ಅಕ್ಕ ಹೊಸ ಚೀಟಿಯಲ್ಲಿ ನಂಬರುಗಳನ್ನು ತಿರುಗಾ ಮುರುಗಾ ಬರೆಯುತ್ತಾ ಕೂತಿದ್ದಳು. ಏನದು ಅಂತ ಕೇಳಿದೆ. "ಆ ಗುಡ್ಡ ಒಂದನ್ನ ತಳ್ಕೊಂಡು ದಾಟೋಣ ಕಣೇ. ಆಮೇಲೆ ಆಖೆನ್ ತನಕ ನಮ್ಮದೇ ದಾರಿ" ಅಂದಳು. ಬೆಳಿಗ್ಗೆ ಏಳಕ್ಕೆ ಹೊರಡುತ್ತಿದ್ದೇವೆ.