ಕತ್ತು ನಿಲ್ಲದ ಕೂಸಿಗೆ ಯಾವ ಸ್ಟ್ರೋಲರ್?

ಸ್ಟ್ರೋಲರ್ ಕೊಳ್ಳಲು ಹೊರಟವರು ಮೊದಲು ನೋಡುವುದು ಬಣ್ಣ. ಆಮೇಲೆ ಕಪ್ ಹೋಲ್ಡರ್, ಆಮೇಲೆ ಎಷ್ಟು ಚಿಕ್ಕದಾಗಿ ಮಡಚುತ್ತದೆ ಅನ್ನೋದು. ಬೆನ್ನೊರಗು ಎಷ್ಟು ಹಿಂದಕ್ಕೆ ಬಾಗುತ್ತದೆ ಅಂತ ಕೇಳುವವರು ಕಡಿಮೆ. ಹಸುಗೂಸಿಗೆ ಕೊಳ್ಳುವಾಗ ಮೊದಲು ಕೇಳಬೇಕಾದ್ದು ಅದನ್ನೇ. ಅಲ್ಲಿ ಸರಿಯಾದ ಉತ್ತರ ಸಿಗದಿದ್ದರೆ ಉಳಿದದ್ದನ್ನು ನೋಡೋದೇ ಬೇಡ, ಮುಂದಿನ ಗಾಡಿಗೆ ಹೋಗಿ.

ಹುಟ್ಟಿದ ಮಗುವಿಗೆ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಭಾರ; ಅದನ್ನು ಎತ್ತಿ ಹಿಡಿಯುವ ಬಲ ಕತ್ತಿಗೆ ಇನ್ನೂ ಬಂದಿರುವುದಿಲ್ಲ. ಅರ್ಧ ಕೂತಂತೆ ಇಟ್ಟರೆ ತಲೆ ಮುಂದಕ್ಕೆ ಜೋತು ಗದ್ದ ಎದೆಗೆ ತಾಗುತ್ತದೆ. ಆಗ ಮೆತ್ತಗಿನ, ಕಿರಿದಾದ ಶ್ವಾಸನಾಳ ಬಾಗಿ ಉಸಿರಿನ ದಾರಿ ಕಟ್ಟಬಹುದು. ಇಂಥ ಹೊತ್ತಲ್ಲಿ ಮಗು ಅತ್ತೇ ಅಳುತ್ತದೆ ಅಂತೇನಿಲ್ಲ, ನೋಡಿದವರಿಗೆ ಹಾಯಾಗಿ ನಿದ್ದೆ ಹೋದಂತೆಯೂ ಕಾಣಬಹುದು. ಹಾಗಾಗಿಯೇ ಯುರೋಪಿನ ಇಎನ್ 1888 ಮಾನದಂಡದ ಪ್ರಕಾರ, ಆರು ತಿಂಗಳೊಳಗಿನ ಮಗುವಿಗೆ ಸೀಟಿಗೂ ಬೆನ್ನೊರಗಿಗೂ ನಡುವಿನ ಕೋನ ಕನಿಷ್ಠ 150 ಡಿಗ್ರಿ ಇರಬೇಕು. ಪೂರ್ತಿ ಚಪ್ಪಟೆ ಅಂದರೆ 180. ಛತ್ರಿಯಂತೆ ಮಡಚುವ ಹಗುರವಾದ ಸ್ಟ್ರೋಲರ್‌ಗಳಲ್ಲಿ ಬಹಳಷ್ಟು ಈ ಮಟ್ಟ ಮುಟ್ಟುವುದೇ ಇಲ್ಲ. ಡಬ್ಬದ ಮೇಲೆ ‘ಹುಟ್ಟಿದಾಗಿನಿಂದ’ ಅಂತ ದಪ್ಪಕ್ಷರದಲ್ಲಿ ಇರುತ್ತದೆ, ‘ಕ್ಯಾರಿಕಾಟ್ ಜೊತೆಗೆ ಮಾತ್ರ’ ಅನ್ನುವುದು ಒಳಗಿನ ಪುಸ್ತಿಕೆಯಲ್ಲಿ ಸಣ್ಣಕ್ಷರದಲ್ಲಿ. ಕ್ಯಾರಿಕಾಟ್ ಅಂದರೆ ಮಗುವನ್ನು ಚಪ್ಪಟೆ ಮಲಗಿಸಿ ಗಾಡಿಯ ಚೌಕಟ್ಟಿಗೆ ಕೂರಿಸುವ ತೊಟ್ಟಿಲಿನಂಥ ಪೆಟ್ಟಿಗೆ. ಪುಸ್ತಿಕೆ ಓದಿಯೇ ದುಡ್ಡು ಕೊಡಿ.

ನನ್ನ ಕೇಳಿದರೆ ಮೊದಲ ತಿಂಗಳುಗಳಿಗೆ ಕ್ಯಾರಿಕಾಟ್ ಕೂರಿಸಬಹುದಾದ ಗಾಡಿಯೇ ಸರಿ. ಮಗು ಅಂಗಾತ, ನೇರವಾಗಿ ಮಲಗುತ್ತದೆ. ಸುತ್ತಲೂ ಗೋಡೆ ಇರುವುದರಿಂದ ಗಾಳಿ ನೇರವಾಗಿ ಬಡಿಯುವುದಿಲ್ಲ. ಆದರೆ ಇದರ ಆಯುಸ್ಸು ಕಡಿಮೆ. ಸಾಮಾನ್ಯವಾಗಿ 9 ಕೆ.ಜಿ.ವರೆಗೆ, ಅಥವಾ ಮಗು ತಾನಾಗಿ ಮಗುಚಿ ಅಂಗೈ-ಮಂಡಿ ಊರಿ ಏಳಲು ನೋಡುವವರೆಗೆ, ಎರಡರಲ್ಲಿ ಯಾವುದು ಮೊದಲೋ ಅಲ್ಲಿಗೆ ಮುಗಿಯಿತು. ಹೆಚ್ಚಿನ ಮಕ್ಕಳಲ್ಲಿ ಇದು ಐದಾರು ತಿಂಗಳಿಗೇ ಬರುತ್ತದೆ. ಅದರ ಜೊತೆ ಬಂದ ಹಾಸಿಗೆಯನ್ನೇ ಬಳಸಿ. ತೆಳ್ಳಗಿದೆ, ಮಗುವಿಗೆ ಒತ್ತುತ್ತದೆ ಅಂತ ಮೆತ್ತನೆಯ ದಪ್ಪ ಹಾಸಿಗೆ ಹಾಕಿದರೆ ಬದಿಯ ಗೋಡೆ ಗಿಡ್ಡವಾಗುತ್ತದೆ, ಅಂಚಿನಲ್ಲಿ ಮೂಗು ಹುದುಗುವಷ್ಟು ಸಂದಿಯೂ ಆಗುತ್ತದೆ. ದಿಂಬು ಬೇಡವೇ ಬೇಡ. ಕ್ಯಾರಿಕಾಟ್ ಬೇಡ ಅನ್ನುವವರು ಪೂರ್ತಿ ಚಪ್ಪಟೆ ಮಲಗಿಸಬಹುದಾದ, ತಳ್ಳುವವರ ಕಡೆ ಮುಖ ಮಾಡಿಸಬಹುದಾದ ಸೀಟು ನೋಡಲಿ. ಮಗು ನಮ್ಮತ್ತ ಇದ್ದರೆ ತಲೆ ಜಾರಿದ್ದು, ಮುಖಕ್ಕೆ ಬಟ್ಟೆ ಬಂದದ್ದು ಕಣ್ಣಿಗೆ ಬೀಳುತ್ತದೆ.

ಇನ್ನೊಂದು ಬಗೆಯಲ್ಲಿ ಕಾರ್ ಸೀಟನ್ನೇ ತೆಗೆದು ಸ್ಟ್ರೋಲರ್ ಚೌಕಟ್ಟಿಗೆ ಕೂರಿಸುತ್ತಾರೆ. ಅನುಕೂಲ ಹೌದು, ಕಾರಿಂದ ಇಳಿದು ಹತ್ತು ನಿಮಿಷದ ಕೆಲಸಕ್ಕೆ. ಗಂಟೆಗಟ್ಟಲೆ ಸುತ್ತಾಟಕ್ಕೆ, ನಿದ್ದೆಗೆ ಅದಲ್ಲ. ಮೇಲೆ ಹೇಳಿದ ಗದ್ದ-ಎದೆಯ ತೊಂದರೆ ಅಲ್ಲೂ ಇದೆ. ಕೂರಿಸುವಾಗ ಎರಡೂ ಬದಿ ‘ಟಕ್’ ಅಂದಿತಾ ಕೇಳಿಸಿಕೊಳ್ಳಿ, ಆಮೇಲೆ ಒಮ್ಮೆ ಮೇಲಕ್ಕೆ ಎಳೆದು ನೋಡಿ.

ಈಗ ಚಕ್ರ. ದಿನಾ ಓಡಾಡುವ ದಾರಿ ಹೇಗಿದೆ ಅನ್ನೋದು ತೀರ್ಮಾನ ಮಾಡಬೇಕಾದ ಜಾಗ ಇದು. ನುಣುಪು ನೆಲ, ಲಿಫ್ಟು, ಮಾಲ್ ಇಷ್ಟೇ ಆದರೆ ಐದಾರು ಇಂಚಿನ ಚಿಕ್ಕ ಚಕ್ರ ಸಾಕು. ಹೆಂಚು ಎದ್ದ ಫುಟ್‌ಪಾತು, ಜಲ್ಲಿ, ಮಣ್ಣಿನ ದಾರಿ ಇದ್ದರೆ ಚಿಕ್ಕ ಚಕ್ರ ಪ್ರತಿ ಸಂದಿಯಲ್ಲೂ ಸಿಕ್ಕಿಕೊಳ್ಳುತ್ತದೆ. ಕೆಲವು ಹಗುರ ಗಾಡಿಗಳಲ್ಲಿ ಮುಂದೆ ಜೋಡಿ ಚಕ್ರ ಇರುತ್ತದಲ್ಲ, ಆ ಎರಡರ ನಡುವೆ ಒಂದು ಕಲ್ಲು ಹೊಕ್ಕರೆ ಗಾಡಿ ಗಕ್ಕನೆ ನಿಲ್ಲುತ್ತದೆ, ತಳ್ಳುವವರ ಹೊಟ್ಟೆಗೆ ಹ್ಯಾಂಡಲ್ ಬಡಿಯುತ್ತದೆ. ವ್ಯಾಸ ಹೆಚ್ಚಿದಷ್ಟೂ ಚಕ್ರ ಉಬ್ಬುತಗ್ಗನ್ನು ಸುಲಭವಾಗಿ ಹತ್ತಿಳಿಯುತ್ತದೆ. ಗಾಳಿ ತುಂಬಿದ ಟೈರಿನಲ್ಲಿ ಕುಲುಕಾಟ ಕಡಿಮೆ, ಆದರೆ ಪಂಕ್ಚರ್ ಆಗುತ್ತದೆ, ಪಂಪು ಇಟ್ಟುಕೊಂಡಿರಬೇಕು. ಫೋಮ್ ಟೈರು ಹಗುರ, ಪಂಕ್ಚರ್ ಚಿಂತೆಯಿಲ್ಲ, ಒರಟು ನೆಲದಲ್ಲಿ ಬೇಗ ಸವೆಯುತ್ತದೆ.

ಮುಂದಿನ ಚಕ್ರ ಸುತ್ತಲೂ ತಿರುಗುವಂಥದ್ದೇ ಇರಲಿ, ಜೊತೆಗೆ ಅದನ್ನು ನೇರಕ್ಕೆ ಬಿಗಿಯುವ ಲಾಕ್ ಕೂಡ ಇರಲಿ. ಜಲ್ಲಿಯಲ್ಲಿ ಲಾಕ್ ಹಾಕದೆ ತಳ್ಳಿದರೆ ಚಕ್ರ ಅಡ್ಡ ತಿರುಗಿ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಓಡುತ್ತಾ ತಳ್ಳಬೇಕು ಅನ್ನುವವರಿಗೆ ಅದಕ್ಕೆಂದೇ ಮಾಡಿದ ಮೂರು ಚಕ್ರದ ಗಾಡಿ ಬೇರೆ ಇದೆ. ಅದೂ ಆರು ತಿಂಗಳು ತುಂಬುವ ಮುಂಚೆ ಬೇಡ.

ಅಂಗಡಿಯಲ್ಲಿ ಖಾಲಿ ಗಾಡಿ ತಳ್ಳಿ ಮೆಚ್ಚುವುದರಲ್ಲಿ ಅರ್ಥವಿಲ್ಲ. ಖಾಲಿ ಇದ್ದಾಗ ಎಲ್ಲವೂ ಬೆಣ್ಣೆಯಂತೆ ಓಡುತ್ತವೆ. ಹತ್ತು ಕೆ.ಜಿ. ತೂಕದ ಏನನ್ನಾದರೂ ಸೀಟಿನಲ್ಲಿಟ್ಟು ಬೆಲ್ಟು ಹಾಕಿ. ಒಂದೇ ಕೈಯಲ್ಲಿ ಎಂಟರ ಆಕಾರದಲ್ಲಿ ತಿರುಗಿಸಿ. ಹ್ಯಾಂಡಲ್ ಕೆಳಗೆ ಒತ್ತಿ ಮುಂಚಕ್ರ ಎತ್ತಿ, ಮೆಟ್ಟಿಲೇರುವ ಹಾಗೆ. ಬಹಳ ಬಲ ಬೇಕಾಯಿತೋ, ಚೌಕಟ್ಟು ಕಿರುಗುಟ್ಟಿ ತಿರುಚಿಕೊಂಡಿತೋ, ಮುಂದೆ ದಿನವೂ ಅದೇ ಗೋಳು. ತಳ್ಳುವಾಗ ಮೊಣಕೈ ತುಸು ಬಾಗಿರಬೇಕು, ಕಾಲು ಹಿಂದಿನ ಅಚ್ಚಿಗೆ ಬಡಿಯಬಾರದು. ಗಂಡ-ಹೆಂಡತಿಯ ಎತ್ತರದಲ್ಲಿ ವ್ಯತ್ಯಾಸ ಹೆಚ್ಚಿದ್ದರೆ ಹ್ಯಾಂಡಲ್ ಏರಿಳಿಸುವ ಸೌಲಭ್ಯಕ್ಕೆ ದುಡ್ಡು ಹಾಕಬಹುದು. ಕಪ್ ಹೋಲ್ಡರಿಗೆ ಬೇಡ. ಬಿಸಿ ಕಾಫಿ ಮಗುವಿನ ತಲೆಯ ಮೇಲ್ಗಡೆ ಯಾಕೆ?

ಬ್ರೇಕ್ ಹಾಕಿ, ಇಳಿಜಾರಿನಲ್ಲಿ ನಿಲ್ಲಿಸಿ, ಹಿಂದಿನಿಂದ ತಳ್ಳಿ ನೋಡಿ. ಪೆಡಲ್ ಒತ್ತಿದಾಗ ಒಂದು ಪಿನ್ನು ಚಕ್ರದ ಹಲ್ಲುಗಳ ನಡುವೆ ಕೂರುತ್ತದೆ. ಅರ್ಧ ಕೂತರೆ ಬ್ರೇಕ್ ಬಿದ್ದಂತೆ ಕಾಣುತ್ತದೆ, ಸ್ವಲ್ಪ ಅಲುಗಿದರೆ ಬಿಟ್ಟುಕೊಳ್ಳುತ್ತದೆ. ಒತ್ತಿದ ಮೇಲೆ ಗಾಡಿಯನ್ನು ಹಿಂದೆಮುಂದೆ ಅಲ್ಲಾಡಿಸುವುದು ಅಭ್ಯಾಸವಾಗಲಿ. ಬೆಲ್ಟು ಐದು ಕಡೆ ಹಿಡಿಯುವಂಥದ್ದಿರಲಿ: ಭುಜಕ್ಕೆರಡು, ಸೊಂಟಕ್ಕೆರಡು, ತೊಡೆಸಂದಿಗೆ ಒಂದು. ಭುಜದ ಪಟ್ಟಿ ಹೊರಬರುವ ತೂತು ಮಗುವಿನ ಭುಜದ ಮಟ್ಟಕ್ಕೆ ಇರಬೇಕು, ಪಟ್ಟಿಗೂ ಮೈಗೂ ನಡುವೆ ಒಂದೆರಡು ಬೆರಳು ಹೋದರೆ ಸಾಕು.

ಹ್ಯಾಂಡಲಿಗೆ ಚೀಲ ನೇತುಹಾಕುವ ಚಾಳಿ ಎಲ್ಲ ಕಡೆಯೂ ಇದೆ. ಮಗು ಒಳಗಿರುವವರೆಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಎತ್ತಿಕೊಂಡ ಕೂಡಲೇ ಗಾಡಿ ಅಂಗಾತ. ಮಗು ಹಗುರವಾಗಿದ್ದು ಚೀಲ ಭಾರವಾಗಿದ್ದರೆ ಮಗುವಿನ ಸಮೇತವೇ ಮಗುಚುತ್ತದೆ. ಸಾಮಾನು ಕೆಳಗಿನ ಬುಟ್ಟಿಗೆ, ಅದೂ ಬುಟ್ಟಿಯ ಮೇಲೆ ಬರೆದ ತೂಕದೊಳಗೆ.

ಮಡಚುವ ವಿಷಯಕ್ಕೆ ಬಂದರೆ, ಛತ್ರಿಯಂತೆ ಮಡಚುವ ಸ್ಟ್ರೋಲರನ್ನು 1965ರಲ್ಲಿ ರೂಪಿಸಿದವರು ಓವನ್ ಮೆಕ್ಲಾರೆನ್ ಎಂಬ ಬ್ರಿಟಿಷ್ ವಿಮಾನ ಎಂಜಿನಿಯರ್. ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರದ ಜೋಡಣೆಯ ಮೇಲೂ ಕೆಲಸ ಮಾಡಿದ್ದವರು. ಅವರ ಹೆಸರಿನ ಕಂಪನಿಯೇ 2009ರಲ್ಲಿ ಅಮೆರಿಕದಲ್ಲಿ ಸುಮಾರು 10 ಲಕ್ಷ ಸ್ಟ್ರೋಲರ್‌ಗಳಿಗೆ ರೀಕಾಲ್ (ದೋಷ ಸರಿಪಡಿಸಲು ಕಂಪನಿ ಕೊಡುವ ಕರೆ) ಹೊರಡಿಸಿ ಕೀಲಿನ ಮೇಲೆ ಹಾಕುವ ಕವರ್ ಹಂಚಬೇಕಾಯಿತು. ಬಿಚ್ಚುವಾಗ ಕೀಲಿನಲ್ಲಿ ಸಿಕ್ಕಿ ಮಕ್ಕಳ ಬೆರಳ ತುದಿ ತುಂಡಾಗಿತ್ತು. ಕಂಪನಿ ಯಾವುದೇ ಇರಲಿ, ಬಿಚ್ಚುವಾಗ ಮಡಚುವಾಗ ಮಗು ಕೈಗೆಟುಕದ ದೂರದಲ್ಲಿರಬೇಕು. ಬಿಚ್ಚಿದ ಮೇಲೆ ಲಾಕ್ ಪೂರ್ತಿ ಬಿತ್ತೇ ಅಂತ ನೋಡಿಯೇ ಕೂರಿಸಬೇಕು.

ತೂಕ ನೋಡುವಾಗ ಗಾಡಿಯ ತೂಕವೊಂದನ್ನೇ ನೋಡಬೇಡಿ, ಅದನ್ನು ಯಾರು, ಎಲ್ಲಿಗೆ ಎತ್ತಬೇಕು ಅನ್ನೋದನ್ನೂ ನೋಡಿ. ಹಗುರದವು 5ರಿಂದ 7 ಕೆ.ಜಿ., ಕ್ಯಾರಿಕಾಟ್ ಹಿಡಿಯುವ ದೊಡ್ಡವು 10ರಿಂದ 14 ಕೆ.ಜಿ. ಲಿಫ್ಟಿಲ್ಲದ ಮೂರನೇ ಮಹಡಿಯಲ್ಲಿ ಸಿಸೇರಿಯನ್ ಆದ ಬಾಣಂತಿ 13 ಕೆ.ಜಿ. ಎತ್ತುವ ಮಾತೇ ಇಲ್ಲ. ಅಂಥ ಮನೆಗೆ ಹಗುರ ಚೌಕಟ್ಟು, ಪೂರ್ತಿ ಮಲಗುವ ಸೀಟು ಎರಡೂ ಇರುವುದನ್ನೇ ಹುಡುಕಬೇಕು. ಅಥವಾ ಮೊದಲ ಆರು ತಿಂಗಳು ಮಗುವನ್ನು ಎತ್ತಿಕೊಂಡೇ ಓಡಾಡಿ, ಆಮೇಲೆ ಹಗುರದ್ದನ್ನು ಕೊಂಡರೂ ಆದೀತು. ಮನೆ ಬಾಗಿಲು, ಲಿಫ್ಟಿನ ಬಾಗಿಲು, ಕಾರಿನ ಡಿಕ್ಕಿ ಮೂರನ್ನೂ ಟೇಪು ಹಿಡಿದು ಅಳೆದುಕೊಂಡೇ ಅಂಗಡಿಗೆ ಹೋಗಿ. ಅವಳಿ ಮಕ್ಕಳಿಗೆ ಅಕ್ಕಪಕ್ಕ ಸೀಟಿನದಾದರೆ ಇದು ಇನ್ನೂ ಮುಖ್ಯ.

ಬಿಸಿಲಿಗೆ ಹುಡ್ ಮುಂದಕ್ಕೆ ಉದ್ದ ಬರುವಂಥದ್ದಿರಲಿ, ಹಿಂದೆ ಗಾಳಿಯಾಡುವ ಜಾಲರಿ ಇರಲಿ. ಅದರ ಮೇಲೆ ಬಟ್ಟೆ ಹೊದೆಸಿ ಪೂರ್ತಿ ಮುಚ್ಚಬೇಡಿ. ತೆಳು ಬಟ್ಟೆಯಾದರೂ ಗಾಳಿ ನಿಂತು ಒಳಗೆ ಕಾವು ಬೇಗ ಏರುತ್ತದೆ, ಮಗುವೂ ಕಾಣುವುದಿಲ್ಲ.

ಬಳಸಿದ್ದನ್ನು ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಮಾಡೆಲ್ ಸಂಖ್ಯೆ ಹಾಕಿ ರೀಕಾಲ್ ಆಗಿದೆಯೇ ಹುಡುಕಿ, ಬ್ರೇಕಿನ ಹಲ್ಲು ಸವೆದಿದೆಯೇ, ಬಕಲ್ ಗಟ್ಟಿಯಾಗಿ ಕೂರುತ್ತದೆಯೇ, ಬೆಲ್ಟಿನ ಹೊಲಿಗೆ ಬಿಟ್ಟಿದೆಯೇ ನೋಡಿ. ಚಕ್ರ ಗೀಚುವ ಸದ್ದು ಮಾಡಿದರೆ ಹೆದರಬೇಡಿ: ಬಿಚ್ಚಿದರೆ ಅಚ್ಚಿಗೆ ಸುತ್ತಿಕೊಂಡ ಕೂದಲು, ದಾರ ಸಿಗುತ್ತದೆ. ಅದನ್ನು ಕತ್ತರಿಸಿ ತೆಗೆದು, ಒರೆಸಿ, ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಎಣ್ಣೆ ಬಿಟ್ಟರೆ ಧೂಳು ಅಂಟಿ ಕೆಲವೇ ದಿನಕ್ಕೆ ಮತ್ತೆ ಬಿಗಿಯುತ್ತದೆ.